ತಲೆಸುತ್ತಿಗೆ ಇಂಗು, ಗುಗ್ಗುಳ, ಕರ್ಪೂರ: ಮರದ ಅಂಟುಗಳಿಗೆ ಪುರಾವೆ ಎಷ್ಟಿದೆ?

ಮೂಲಿಕೆಕಪಾಟು

ತಲೆಸುತ್ತಿಗೆ ಹೇಳುವ ಮನೆಮದ್ದುಗಳಲ್ಲಿ ಗಿಡಮರದ ಅಂಟುಗಳೂ ಸಾಕಷ್ಟಿವೆ. ಇಂಗನ್ನು ಬಿಸಿನೀರಿನಲ್ಲಿ ಕದಡಿ ಕುಡಿಯುವುದು, ಕರ್ಪೂರ ಮೂಸುವುದು, ಗುಗ್ಗುಳದ ಗುಳಿಗೆ ನುಂಗುವುದು, ಲೋಬಾನದ ಹೊಗೆ ಹಿಡಿಯುವುದು, ಹೀಗೆ. ಇವುಗಳಲ್ಲಿ ಯಾವುದನ್ನು ಮನುಷ್ಯರಿಗೇ ಕೊಟ್ಟು, ತಲೆಸುತ್ತನ್ನೇ ಅಳೆದು ನೋಡಿದ್ದಾರೆ? "ಉರಿಯೂತ ಕಡಿಮೆ ಮಾಡುತ್ತದೆ", "ನರಕ್ಕೆ ಒಳ್ಳೆಯದು" ಎಂಬ ಮಾತು ಬೇಡ. ಇಲಿಯ ಮೇಲೆ ನಡೆದದ್ದನ್ನು ಇಲಿಯ ಮೇಲೆ ಎಂದೇ ಹೇಳಿ.

ಶುರುವಿಗೆ ಮೂರು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ಶಿಲಾಜಿತು ಮರದ ಅಂಟಲ್ಲ, ಬಂಡೆಯ ಸಂದಿನಿಂದ ಒಸರುವ ವಸ್ತು, ಹಾಗಾಗಿ ಅದು ಈ ಚರ್ಚೆಯ ಹೊರಗೆ. ಲೋಬಾನ ಎಂದರೆ ಕೆಲವರಿಗೆ ಸ್ಟೈರಾಕ್ಸ್ ಮರದ ರಾಳ, ಇನ್ನು ಕೆಲವರಿಗೆ ಬೋಸ್ವೆಲಿಯಾ ಮರದ್ದು. ಎರಡರ ರಸಾಯನವೇ ಬೇರೆ. ಹಾಗೆಯೇ ಬೋಳ ಮರದ ಅಂಟು, ಕರಿಬೋಳ ಲೋಳೆಸರದ ಎಲೆಯ ಒಣರಸ. ಕರಿಬೋಳ ಗಡುಸಾದ ಭೇದಿ ಮದ್ದು. ಅದನ್ನು ಬೋಳ ಎಂದುಕೊಂಡು ತಿಂದರೆ ಹತ್ತು ಸಲ ಹೊರಗೆ ಹೋಗಿ, ಮೈಯ ನೀರು ಇಳಿದು, ಇಲ್ಲದ ತಲೆಸುತ್ತೂ ಬರುತ್ತದೆ.

ಒಳಕಿವಿ

ಮದ್ದಿನ ಮಾತಿಗಿಂತ ಮೊದಲು ಯಾವ ಸುತ್ತು ಎಂಬುದು ಇತ್ಯರ್ಥವಾಗಬೇಕು. ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ?

ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ, ಕತ್ತೆತ್ತಿ ಮೇಲೆ ನೋಡಿದಾಗ ಕೋಣೆಯೇ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ, ಅದು ಬಹುಮಟ್ಟಿಗೆ ಒಳಕಿವಿಯ ಹರಳು ಜಾರಿದ ಸುತ್ತು (ಬಿಪಿಪಿವಿ). ಒಳಕಿವಿಯಲ್ಲಿ ಯುಟ್ರಿಕಲ್ ಎಂಬ ಚೀಲದಂಥ ಭಾಗವಿದೆ. ಅಲ್ಲಿ ಅಂಟಿಕೊಂಡಿರಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಬಿಡಿಬಿಡಿಯಾಗಿ ಅರ್ಧವೃತ್ತದ ನಾಳಕ್ಕೆ ಬೀಳುತ್ತವೆ, ಹೆಚ್ಚಾಗಿ ಹಿಂಬದಿಯ ನಾಳಕ್ಕೆ. ತಲೆ ಅಲುಗಿದಾಗ ಹರಳು ಉರುಳಿ ನಾಳದ ದ್ರವವನ್ನು ನೂಕುತ್ತದೆ. ತಲೆ ನಿಂತರೂ ಮಿದುಳಿಗೆ "ತಿರುಗುತ್ತಿದೆ" ಎಂಬ ಸುದ್ದಿ ಹೋಗುತ್ತಲೇ ಇರುತ್ತದೆ. ಕೆಳಕ್ಕೆ ಬಿದ್ದ ಕಲ್ಲನ್ನು ಯಾವ ಅಂಟೂ ಕರಗಿಸದು. ಇಂಗನ್ನು ಕುಟ್ಟಿ, ಕದಡಿ, ಲೋಟ ತುಟಿಗೆ ತರುವಷ್ಟರಲ್ಲಿ ಸುತ್ತು ತಾನಾಗಿ ನಿಂತಿರುತ್ತದೆ, ಹೆಸರು ಮಾತ್ರ ಇಂಗಿಗೆ.

ಇದಕ್ಕೆ ಮದ್ದು ಅಮೆರಿಕದ ಕಿವಿವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ತಲೆ ತಿರುಗಿಸುವ ಕ್ರಮ. ಬಲಗಿವಿಯ ತೊಂದರೆ ಎಂದಿಟ್ಟುಕೊಳ್ಳಿ. ಮಂಚದ ಮೇಲೆ ಕಾಲು ಚಾಚಿ ಕುಳಿತು ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ. ಹಾಗೇ ಬೇಗನೆ ಹಿಂದಕ್ಕೆ ಮಲಗಿ, ಭುಜದಡಿ ದಿಂಬಿಟ್ಟು ತಲೆ 20ರಿಂದ 30 ಡಿಗ್ರಿ ಕೆಳಗೆ ಇಳಿಬಿಡಿ. ಸುತ್ತು ಬರುತ್ತದೆ, ಬರಲಿ. ಅದು ನಿಲ್ಲುವವರೆಗೆ, ಕನಿಷ್ಠ 30 ಸೆಕೆಂಡು, ಅಲುಗಾಡಬೇಡಿ. ಆಮೇಲೆ ತಲೆ ಎತ್ತದೆಯೇ ಎಡಕ್ಕೆ 90 ಡಿಗ್ರಿ ತಿರುಗಿಸಿ ಅಷ್ಟೇ ಹೊತ್ತು. ನಂತರ ಮೈಯನ್ನೂ ಎಡಮಗ್ಗಲಿಗೆ ಹೊರಳಿಸಿ, ಮೂಗು ನೆಲದ ಕಡೆ ಬರುವಂತೆ ಇನ್ನೊಂದು 30 ಸೆಕೆಂಡು. ಕೊನೆಗೆ ಗದ್ದ ತಗ್ಗಿಸಿ ನಿಧಾನಕ್ಕೆ ಎದ್ದು ಕುಳಿತುಕೊಳ್ಳಿ.

ಮನೆಯಲ್ಲಿ ಮಾಡುವಾಗ ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಕೆಟ್ಟ ಕಿವಿ ಯಾವುದೆಂದು ತಿಳಿಯದೆ ತಿರುಗಿಸುವುದು ಒಂದು. ಎರಡನೇ ಹಂತದಲ್ಲಿ ತಲೆ ಮೇಲೆತ್ತಿಬಿಡುವುದು ಇನ್ನೊಂದು, ಆಗ ಹರಳು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಸುತ್ತಿಗೆ ಹೆದರಿ ನಡುವೆ ಎದ್ದುಬಿಡುವುದು ಮೂರನೆಯದು. ಕುತ್ತಿಗೆಯ ಮೂಳೆ ಸವೆದವರು, ಕಣ್ಣಿನ ರೆಟಿನಾ ತೊಂದರೆ ಇದ್ದವರು ತಾವೇ ಮಾಡಿಕೊಳ್ಳಬಾರದು.

ರಸಸಾರ

ಇಂಗಿನ ಲೆಕ್ಕ ನಾನು ಕೊಡುತ್ತೇನೆ. ಫೆರುಲಾ ಗಿಡದ ಬೇರು ಗೀರಿದಾಗ ಒಸರುವ ಇದು ಬರೀ ರಾಳವಲ್ಲ. ರಾಳ, ಗೋಂದು, ಹಾರುವ ಎಣ್ಣೆ ಮೂರೂ ಸೇರಿದ ಮಿಶ್ರಣ. ಸ್ಥೂಲವಾಗಿ 40ರಿಂದ 64 ಶೇಕಡಾ ರಾಳ, 25ರ ಆಸುಪಾಸು ಗೋಂದು, 10ರಿಂದ 17 ಎಣ್ಣೆ. ಗೋಂದು ನೀರಿಗೆ ಕರಗುತ್ತದೆ, ರಾಳ ಮದ್ಯಸಾರಕ್ಕೆ. ನೀರಿಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾಗುವುದು ರಾಳ ಕರಗಿದ್ದರಿಂದಲ್ಲ, ಗೋಂದು ಅದನ್ನು ಸಣ್ಣ ಹನಿಗಳಾಗಿ ತೇಲಿಸಿ ಹಿಡಿದಿರುವುದರಿಂದ. ತಳದಲ್ಲಿ ಮರಳು, ಮಣ್ಣು ಕೂತರೆ ಕಲಬೆರಕೆ.

ಪುಡಿ ಇಂಗು ಇನ್ನೂ ಒಂದು ಮೆಟ್ಟಿಲು ಕೆಳಗೆ. ಅದರಲ್ಲಿ ಹಿಟ್ಟು, ಬೇರೆ ಮರದ ಗೋಂದು ಸೇರಿರುತ್ತವೆ. ಒಂದು ಚಿಟಿಕೆಯಲ್ಲಿ ನಿಜವಾದ ಇಂಗು ಎಷ್ಟು ಎಂಬುದು ಡಬ್ಬಿಯಿಂದ ಡಬ್ಬಿಗೆ ಬೇರೆ. ಆಯುರ್ವೇದ ಫಾರ್ಮಕೋಪಿಯಾ ಹೇಳುವ 125ರಿಂದ 500 ಮಿ.ಗ್ರಾಂ. ಪ್ರಮಾಣ ಶುದ್ಧ ಇಂಗಿಗೆ, ಡಬ್ಬಿಯ ಪುಡಿಗೆ ಅಲ್ಲ. ಗೋಧಿ ಹಿಟ್ಟು ಬೆರೆತ ಪುಡಿ ಗ್ಲುಟನ್ ಆಗದವರಿಗೆ ನಿಷಿದ್ಧ. ಇದನ್ನು ಯಾರೂ ಲೇಬಲ್ ತಿರುಗಿಸಿ ಓದುವುದಿಲ್ಲ.

ಪ್ರಯೋಗಶಾಲೆಯಲ್ಲಿ ಕಂಡದ್ದು: ಅರಿವಳಿಕೆ ಕೊಟ್ಟ ಇಲಿಗಳಲ್ಲಿ ಇಂಗಿನ ಸಾರ ರಕ್ತದೊತ್ತಡ ಇಳಿಸಿತು, ಗಿನಿಪಿಗ್‌ನ ಕರುಳಿನ ಸೆಳೆತ ಸಡಿಲಿಸಿತು. ಅಜೀರ್ಣದ ಮೇಲೆ ಸಣ್ಣ ಪ್ರಯೋಗ ನಡೆದಿದೆ. ತಲೆಸುತ್ತಿನ ಮೇಲೆ ಆಧಾರಕ್ಕೆ ಹಿಡಿಯಬಹುದಾದದ್ದು ನನಗೆ ಒಂದೂ ಕಂಡಿಲ್ಲ. ಹೊಟ್ಟೆ ಉಬ್ಬರ, ವಾಕರಿಕೆಯ ಜೊತೆ ಬರುವ ಮಂಕು ಇಂಗಿನಿಂದ ಇಳಿದರೆ ಒಪ್ಪಬಹುದು, ಅದು ಹೊಟ್ಟೆಯ ಮದ್ದಾಗಿ ಕೆಲಸ ಮಾಡಿದೆ. ಆದರೆ ಎದ್ದು ನಿಂತಾಗ ಒತ್ತಡ ಬೀಳುವವರಿಗೆ ಇಲಿಯ ಆ ಫಲಿತಾಂಶ ಮನುಷ್ಯರಿಗೂ ಅನ್ವಯಿಸಿದರೆ, ಇಂಗು ಹೋಗಬೇಕಾದ ದಿಕ್ಕಿಗೆ ವಿರುದ್ಧವೇ ಹೋಗುತ್ತದೆ.

ಶಿಶುಗಳಿಗಂತೂ ಬೇಡವೇ ಬೇಡ. ಹೊಟ್ಟೆನೋವಿಗೆಂದು ಗ್ಲಿಸರಿನ್ ಬೆರೆಸಿದ ಇಂಗು ಕೊಟ್ಟ ಐದು ವಾರದ ಮಗುವಿಗೆ ರಕ್ತದಲ್ಲಿ ಮೆಥಿಮೊಗ್ಲೋಬಿನ್ (ಆಮ್ಲಜನಕ ಹೊರಲಾಗದ ಹಿಮೊಗ್ಲೋಬಿನ್) ಏರಿ ಮೈ ನೀಲಿಗಟ್ಟಿದ ಪ್ರಕರಣ 1984ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.

ಹಳೇಕಷಾಯ

@ರಸಸಾರ ಹೇಳಿದ್ದು ಸರಿ, ಆದರೆ ತಪ್ಪೆಲ್ಲ ಪರಂಪರೆಯ ಮೇಲೆ ಹೊರಿಸಬೇಡಿ. ಗ್ರಂಥಗಳಲ್ಲಿ ಭ್ರಮ ಎಂದರೆ ತಲೆಸುತ್ತು. ಚರಕ ಅದನ್ನು 80 ವಾತವಿಕಾರಗಳಲ್ಲಿ ಎಣಿಸಿದ್ದಾನೆ. ರೋಗಲಕ್ಷಣಗಳ ಹಳೆಯ ಗ್ರಂಥ ಮಾಧವನಿದಾನ ಅದಕ್ಕೆ ರಜಸ್ಸು, ಪಿತ್ತ, ವಾತ ಮೂರನ್ನೂ ಕಾರಣ ಮಾಡುತ್ತದೆ. ಇಂಗು ಉಷ್ಣವೀರ್ಯ, ತೀಕ್ಷ್ಣ, ಪಿತ್ತವನ್ನು ಕೆರಳಿಸುವಂಥದ್ದು. ಅಂದರೆ ಪಿತ್ತದಿಂದ ಸುತ್ತು ಬಂದವನಿಗೆ ಇಂಗು ಕೊಡುವುದು ಶಾಸ್ತ್ರದ ಪ್ರಕಾರವೂ ತಪ್ಪೇ. "ತಲೆಸುತ್ತಿಗೆ ಇಂಗು" ಎಂಬ ಒಂದು ಸಾಲು ಎಲ್ಲ ವಿಚಾರಣೆಯನ್ನೂ ಕೈಬಿಟ್ಟು ಮೊಬೈಲಿನಿಂದ ಮೊಬೈಲಿಗೆ ಹರಿದ ಸಂಕ್ಷೇಪ.

ಗುಗ್ಗುಳದಲ್ಲೂ ಅಷ್ಟೇ. ಹಸಿಯಾಗಿ ಯಾರೂ ಕೊಡುತ್ತಿರಲಿಲ್ಲ, ಮೊದಲು ಶೋಧನೆ. ಕಲ್ಲು, ತೊಗಟೆ ಆರಿಸಿ, ಸಣ್ಣ ಚೂರು ಮಾಡಿ, ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಕುದಿಯುವ ತ್ರಿಫಲಾ ಕಷಾಯದಲ್ಲಿ ಪಾತ್ರೆಯ ತಳಕ್ಕೆ ತಾಗದಂತೆ ತೂಗುಹಾಕಬೇಕು. ಕರಗುವಂಥದ್ದು ಬಟ್ಟೆಯಿಂದ ಇಳಿಯುತ್ತದೆ, ಉಳಿದ ಚರಟ ಎಸೆಯಬೇಕು. ಇಳಿದದ್ದನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ ಗಟ್ಟಿ ಮಾಡುವುದು. ಗಂಟು ತಳಕ್ಕೆ ತಾಗಿದರೆ ಸೀದು ಕಹಿ ವಾಸನೆ ಬರುತ್ತದೆ, ಆ ಪಾಕ ಚೆಲ್ಲುವುದೇ ಸರಿ.

ನಾಡಿಮಿಡಿತ

ಎದ್ದು ನಿಂತಾಗ ಕಣ್ಣು ಕತ್ತಲೆ ಬರುವ ಬಗೆ ಇನ್ನೂ ವಿವರವಾಗಿ ಬರಬೇಕಿತ್ತು. ಅಳೆಯುವ ಕ್ರಮ: 5 ನಿಮಿಷ ಮಲಗಿ ಬಿ.ಪಿ. ನೋಡಿ, ಎದ್ದು ನಿಂತ 1ನೇ ನಿಮಿಷಕ್ಕೆ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ನಿಂತಾಗ ಒತ್ತಡ ಬೀಳುವ ತೊಂದರೆ ಇದೆ ಎಂದು. ಕುಳಿತು ಒಮ್ಮೆ ಮಾತ್ರ ನೋಡಿ "ಬಿ.ಪಿ. ನಾರ್ಮಲ್" ಎಂದರೆ ಇದು ಸಿಕ್ಕುವುದೇ ಇಲ್ಲ. ತೋಳುಪಟ್ಟಿ ಎರಡು ಸಲವೂ ಎದೆಯ ಮಟ್ಟದಲ್ಲೇ ಇರಲಿ. ನಿಂತಾಗ ಕೈ ಇಳಿಬಿಟ್ಟರೆ ಅಂಕಿ ಹೆಚ್ಚು ತೋರಿಸಿ ಕುಸಿತ ಮುಚ್ಚಿಹೋಗುತ್ತದೆ.

ಇಲ್ಲೇ ಇಂಗಿನ ನೀರಿನ ಗುಟ್ಟೂ ಇರುವುದು. ಸ್ವನಿಯಂತ್ರಿತ ನರಗಳು ಕೆಟ್ಟು ಒತ್ತಡ ಕುಸಿಯುವವರಿಗೆ 480 ಮಿ.ಲೀ. ಬರೀ ನೀರು ಕುಡಿಸಿದಾಗ ಮೇಲಿನ ಅಂಕಿ 30ಕ್ಕೂ ಹೆಚ್ಚು ಏರಿದ್ದು 2000ದಲ್ಲಿ ಪ್ರಕಟವಾಗಿದೆ. ಏರಿಕೆ ಕೆಲವೇ ನಿಮಿಷದಲ್ಲಿ ಶುರುವಾಗುತ್ತದೆ. ಎರಡು ಲೋಟ ನೀರಿಗೆ ಉಪ್ಪು, ಚಿಟಿಕೆ ಇಂಗು ಹಾಕಿ ಕುಡಿದು ಚೇತರಿಸಿಕೊಂಡರೆ ಕೀರ್ತಿ ಮೊದಲು ಸಲ್ಲಬೇಕಾದದ್ದು ನೀರಿಗೆ, ಆಮೇಲೆ ಉಪ್ಪಿಗೆ. ಇಂಗಿಲ್ಲದೆ ಒಂದು ದಿನ, ಇಂಗು ಹಾಕಿ ಒಂದು ದಿನ ಕುಡಿದು ಬಿ.ಪಿ. ಬರೆದಿಟ್ಟರೆ ಮನೆಯಲ್ಲೇ ಗೊತ್ತಾಗುತ್ತದೆ. (ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರು, ಉಪ್ಪು ಮಿತಿ ಮಾಡಿದವರು ಇದನ್ನು ಮಾಡಬೇಡಿ.)

ಇಡೀ ಪಟ್ಟಿಯಲ್ಲಿ ಪುರಾವೆಗೆ ಹತ್ತಿರ ಬಂದಿರುವುದು ಕರ್ಪೂರ. ಕಟ್ಟುನಿಟ್ಟಾಗಿ ನೋಡಿದರೆ ಅದು ರಾಳವಲ್ಲ, ಮರದಿಂದ ಬಟ್ಟಿ ಇಳಿಸಿ ಹರಳುಗಟ್ಟಿಸಿದ ಟರ್ಪೀನ್ ಜಾತಿಯ ವಸ್ತು. ಡಿ-ಕರ್ಪೂರ ಮತ್ತು ಹಾಥಾರ್ನ್ ಎಂಬ ಮುಳ್ಳುಗಿಡದ ಹಣ್ಣಿನ ಸಾರ ಸೇರಿದ ಹನಿಗಳನ್ನು ಜರ್ಮನಿಯಲ್ಲಿ ಪ್ಲಸೀಬೋ (ಮದ್ದಿನ ಅಂಶವಿಲ್ಲದ ಹುಸಿಮದ್ದು) ಎದುರು ಪರೀಕ್ಷಿಸಿದ್ದಾರೆ. ನಿಂತಾಗ ಒತ್ತಡ ಬೀಳುವುದು ಕಡಿಮೆಯಾಯಿತು, ಹನಿ ಹೆಚ್ಚಿಸಿದಂತೆ ಪರಿಣಾಮವೂ ಹೆಚ್ಚಿತು. ಪ್ರಯೋಗಗಳು ಚಿಕ್ಕವು, ಅಳೆದದ್ದು ಅಲ್ಪಕಾಲದ ಪರಿಣಾಮ. ಕಿವಿಯ ಸುತ್ತಿಗೂ ಇದಕ್ಕೂ ಸಂಬಂಧವಿಲ್ಲ.

ಸಂದಿಗೊಂದಿ

@ನಾಡಿಮಿಡಿತ ಹಾಗಾದರೆ ಕರ್ಪೂರದ ಒಂದು ಚೂರು ನಾಲಿಗೆಯ ಮೇಲೆ ಇಟ್ಟುಕೊಂಡರೆ ಅದೇ ಆಯಿತಲ್ಲ?

ನಾಡಿಮಿಡಿತ

ಆಗಲಿಲ್ಲ, ದಯವಿಟ್ಟು ಬೇಡ. ಆ ಹನಿಗಳಲ್ಲಿ ಕರ್ಪೂರ ಅಳೆದು ಹಾಕಿರುತ್ತಾರೆ, ಪ್ರಮಾಣ ತೀರಾ ಸಣ್ಣದು. ಬಿಲ್ಲೆಯಿಂದ ಮುರಿದ ಚೂರಿಗೆ ಅಳತೆಯೇ ಇಲ್ಲ. ಉರಿಸುವ ಕರ್ಪೂರ ಸಾಮಾನ್ಯವಾಗಿ ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ಮಾಡಿದ್ದು, ತಿನ್ನುವ ದರ್ಜೆಯದಲ್ಲ. ಕರ್ಪೂರ ಹೊಟ್ಟೆಗೆ ಹೋದರೆ ಬೇಗ ರಕ್ತಕ್ಕೆ ಸೇರುತ್ತದೆ. ಅಪಸ್ಮಾರದಂಥ ಸೆಳೆತ ಐದು ನಿಮಿಷದಿಂದ ಒಂದೂವರೆ ಗಂಟೆಯೊಳಗೆ ಬರಬಹುದು. ದೊಡ್ಡವರಿಗೆ 2 ಗ್ರಾಂ ವಿಷ, ಸಣ್ಣ ಮಕ್ಕಳಿಗೆ 1 ಗ್ರಾಂ ಪ್ರಾಣಕ್ಕೇ ಕುತ್ತು. ಅಮೆರಿಕದಲ್ಲಿ ಹಚ್ಚುವ ಮುಲಾಮಿನಲ್ಲೂ ಶೇ. 11ಕ್ಕಿಂತ ಹೆಚ್ಚು ಇರಬಾರದೆಂದು 1983ರಲ್ಲೇ ಮಿತಿ ಹಾಕಿದರು. ನುಸಿಗುಳಿಗೆಯನ್ನು ಕರ್ಪೂರ ಎಂದುಕೊಂಡು ಮೂಸುವವರೂ ಇದ್ದಾರೆ. ಅದು ನ್ಯಾಫ್ತಲೀನ್, ಜಿ6ಪಿಡಿ (ರಕ್ತಕಣವನ್ನು ಕಾಯುವ ಕಿಣ್ವ) ಕೊರತೆ ಇದ್ದವರ ರಕ್ತಕಣ ಒಡೆಯುತ್ತದೆ.

ಮೂಸಿದಾಗ ಎಚ್ಚರವಾದಂತೆ ಆಗುವುದು ನಿಜ. ಮೂಗಿನ ತಂಪು ತಿಳಿಯುವ ನರ ಕೆಣಕಿದಾಗ ಗಮನ ಅತ್ತ ಹರಿಯುತ್ತದೆ. ಸುತ್ತಿನ ಕಾರಣ ಇದ್ದಲ್ಲೇ ಇರುತ್ತದೆ.

ಹಬೆಹೊಗೆ

ಹೊಗೆಯ ಬಗ್ಗೆ ಯಾರೂ ಬಾಯಿಬಿಡಲಿಲ್ಲವಲ್ಲ! ಲೋಬಾನ, ಗುಗ್ಗುಳ ಯಾವುದೇ ಇರಲಿ, ಕೆಂಡದ ಮೇಲೆ ಹಾಕಿದಾಗ ರಾಳಕ್ಕಿಂತ ಕೆಂಡವೇ ಚಿಂತೆಯ ವಸ್ತು. ಇದ್ದಲು ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದು ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲ ಲಕ್ಷಣ ಏನು ಗೊತ್ತೇ? ತಲೆನೋವು, ತಲೆಸುತ್ತು, ವಾಕರಿಕೆ. ತಲೆಸುತ್ತಿಗೆಂದು ಕಿಟಕಿ ಮುಚ್ಚಿ ಧೂಪದ ಕೆಂಡ ಪಕ್ಕದಲ್ಲಿಟ್ಟು ಮಲಗಿಸಿದರೆ ಸುತ್ತು ಏರುವುದು ಸಹಜ, "ದೋಷ ಹೊರಬರುತ್ತಿದೆ" ಎಂದು ಇನ್ನಷ್ಟು ಕೆಂಡ ಹಾಕುವುದು ಅನಾಹುತ.

ಮನೆಯಲ್ಲಿ ಒಬ್ಬರಿಗಲ್ಲ, ಎಲ್ಲರಿಗೂ ಒಟ್ಟಿಗೆ ತಲೆ ಭಾರ, ಹೊರಗೆ ಹೋದರೆ ಹಗುರ ಅನ್ನಿಸಿದರೆ ಮೊದಲು ಈ ಅನಿಲವನ್ನೇ ಅನುಮಾನಿಸಿ. ಕಿಟಕಿ ತೆರೆದು ಎಲ್ಲರೂ ಹೊರಗೆ, ಅಲ್ಲಿಂದ ಆಸ್ಪತ್ರೆಗೆ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತೆಂದು ಸುಮ್ಮನಾಗಬೇಡಿ, ಹಿಮೊಗ್ಲೋಬಿನ್ನಿಗೆ ಅಂಟಿದ್ದು ಆಮ್ಲಜನಕವೋ ಈ ಅನಿಲವೋ ಎಂಬ ಭೇದ ಸಾಮಾನ್ಯ ಆಕ್ಸಿಮೀಟರಿಗೆ ತಿಳಿಯದು.

ಔಷಧಮಾಪಕ

ಗುಗ್ಗುಳದ ಕತೆ ಬೇರೆ ಔಷಧಗಳ ಜೊತೆ ಇದೆ. ಅದರ ಗುಗ್ಗುಲ್‌ಸ್ಟಿರೋನ್ ಕೊಲೆಸ್ಟರಾಲ್ ಇಳಿಸುತ್ತದೆ, ರಕ್ತನಾಳ ತೆರೆದು ತಲೆಗೆ ರಕ್ತ ಹರಿಯುತ್ತದೆ, ಸುತ್ತು ಹೋಗುತ್ತದೆ ಎಂಬುದು ಪ್ರಚಾರದ ಸರಪಳಿ. ಮೊದಲ ಕೊಂಡಿಯೇ ಗಟ್ಟಿಯಿಲ್ಲ. 2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 103 ಮಂದಿಗೆ 8 ವಾರ ಕೊಟ್ಟರು, 1000 ಅಥವಾ 2000 ಮಿ.ಗ್ರಾಂ., ದಿನಕ್ಕೆ ಮೂರು ಸಲ. ಪ್ಲಸೀಬೋ ತಿಂದವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಶೇ. 5 ಇಳಿಯಿತು, ಗುಗ್ಗುಳ ತಿಂದವರದು ಶೇ. 4ರಿಂದ 5 ಏರಿತು. ಕೆಲವರಿಗೆ ಮೈತುಂಬ ದದ್ದು. ಹಳೆಯ ಕೆಲವು ಅಧ್ಯಯನಗಳು ಇಳಿಕೆ ತೋರಿಸಿದ್ದವು ಎಂಬುದನ್ನೂ ಹೇಳಲೇಬೇಕು. ಆದರೆ ಯಾವುದೂ ತಲೆಸುತ್ತನ್ನು ಅಳೆದದ್ದಲ್ಲ.

ತಲೆಸುತ್ತಿನವರಿಗೆ ಇದು ಏಕೆ ಮುಖ್ಯ ಎಂದರೆ, ಗುಗ್ಗುಳದ ಒಂದೇ ಡೋಸ್ ಪ್ರೊಪ್ರನೊಲಾಲ್ ಮತ್ತು ಡಿಲ್ಟಿಯಾಜಮ್ ಎಂಬ ಬಿ.ಪಿ., ಹೃದಯದ ಮಾತ್ರೆಗಳು ರಕ್ತಕ್ಕೆ ಸೇರುವ ಪ್ರಮಾಣ ತಗ್ಗಿಸುತ್ತದೆಂದು ಆರೋಗ್ಯವಂತರಲ್ಲೇ ತೋರಿಸಿದ್ದಾರೆ. ಮೈಗ್ರೇನಿನ ಸುತ್ತು ಬರುವವರಿಗೆ ತಡೆಗಟ್ಟಲು ಕೊಡುವ ಮಾತ್ರೆಗಳಲ್ಲಿ ಪ್ರೊಪ್ರನೊಲಾಲ್ ಒಂದು. ಅಂಥವರು ಪಕ್ಕದಲ್ಲಿ ಗುಗ್ಗುಳ ಶುರುಮಾಡಿದರೆ ಮಾತ್ರೆ ಸೋತಂತೆ ಕಾಣುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ. ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಗರ್ಭಿಣಿಯರು ಗುಗ್ಗುಳ, ಬೋಳ ಎರಡರಿಂದಲೂ ದೂರ ಇರಲಿ.

ಶಲ್ಲಕಿ (ಬೋಸ್ವೆಲಿಯಾ ಮರದ ರಾಳ) ಬಗ್ಗೆ ಎರಡೇ ಮಾತು. ಮಿದುಳಿನ ಗೆಡ್ಡೆಗೆ ವಿಕಿರಣ ಕೊಟ್ಟಾಗ ಬರುವ ಊತ ಅದರಿಂದ ಇಳಿದದ್ದು 44 ಮಂದಿಯ ಪ್ರಯೋಗದಲ್ಲಿ ಕಂಡಿದೆ, ದಿನಕ್ಕೆ 4200 ಮಿ.ಗ್ರಾಂ. ಸಾರ ಕೊಟ್ಟು. "ಮಿದುಳಿಗೆ ಶಲ್ಲಕಿ" ಎಂಬ ಜಾಹೀರಾತಿಗೆ ಹಿನ್ನೆಲೆ ಇದೇ ಇರಬೇಕು. ಮಗ್ಗಲು ಬದಲಿಸಿದಾಗಿನ ಸುತ್ತಿಗೂ ಆ ಊತಕ್ಕೂ ಏನು ನಂಟು?

ಮೂಲಿಕೆಕಪಾಟು

ಹಾಗಾದರೆ ಕಿವಿಯ ಸುತ್ತಿನ ಲೆಕ್ಕದಲ್ಲಿ ರಾಳಗಳಿಗೆ ಸೊನ್ನೆಯೇ?

ರಸಸಾರ

ಸೊನ್ನೆಗಿಂತ ಒಂದು ಕೂದಲೆಳೆ ಮೇಲೆ, ಅದೂ ವ್ಯಾಖ್ಯೆ ಎಳೆದರೆ. ಶುಂಠಿಯ ಖಾರ ಇರುವುದು ಅದರ ಎಣ್ಣೆರಾಳದಲ್ಲಿ (ಓಲಿಯೋರೆಸಿನ್). 1986ರ ಡೆನ್ಮಾರ್ಕಿನ ಪ್ರಯೋಗದಲ್ಲಿ ಎಂಟು ಆರೋಗ್ಯವಂತರಿಗೆ ಶುಂಠಿ ಪುಡಿ ಕೊಟ್ಟು, ಕಿವಿಗೆ ನೀರು ಹಾಯಿಸಿ ಬೇಕೆಂದೇ ಸುತ್ತು ಬರಿಸಿದರು. ಸುತ್ತಿನ ಅನುಭವ ಪ್ಲಸೀಬೋಗಿಂತ ಕಡಿಮೆಯಾಯಿತು, ಕಣ್ಣುಗುಡ್ಡೆಯ ಅದಿರಾಟ ಮಾತ್ರ ಹಾಗೇ ಇತ್ತು. ಅಂದರೆ ಕಿವಿಯ ಯಂತ್ರ ಬದಲಾಗಲಿಲ್ಲ, ಅದರಿಂದಾಗುವ ಸಂಕಟ ತಗ್ಗಿತು. ಎಂಟೇ ಜನ ಎಂಬುದನ್ನು ಮರೆಯಬೇಡಿ.

ಒಳಕಿವಿ

ಅದಕ್ಕೇ "ನನಗೆ ವಾಸಿಯಾಯಿತು" ಎಂಬ ಮಾತನ್ನು ಹೇಗೆ ತೂಗಬೇಕೆಂಬುದೂ ಬೇಕು. ಮೆನಿಯರ್ ಎಂಬ ಒಳಕಿವಿಯ ಕಾಯಿಲೆಗೆ ಬೀಟಾಹಿಸ್ಟೀನ್ ಎಂಬ ಸುತ್ತಿನ ಮಾತ್ರೆ ಕೊಟ್ಟು ನೋಡಿದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 221 ಮಂದಿ ಇದ್ದರು, ಒಂಬತ್ತು ತಿಂಗಳು. ದಿನಕ್ಕೆ 48 ಮಿ.ಗ್ರಾಂ. ತಿಂದವರು, 144 ತಿಂದವರು, ಬರೀ ಸಕ್ಕರೆಗುಳಿಗೆಯಂಥದ್ದು ತಿಂದವರು, ಮೂರೂ ಗುಂಪಿನಲ್ಲಿ ಸುತ್ತು ಕಡಿಮೆಯಾಗುತ್ತಾ ಬಂತು, ಗುಂಪುಗಳ ನಡುವೆ ವ್ಯತ್ಯಾಸವಿಲ್ಲ. ಆ ಒಂಬತ್ತು ತಿಂಗಳು ಇಂಗು ಕುಡಿದಿದ್ದರೂ "ಇಂಗಿನಿಂದ ವಾಸಿ" ಅನ್ನುತ್ತಿದ್ದರು.

ರಾಳಗಳ ಪ್ರಯೋಗಕ್ಕೆ ಇನ್ನೊಂದು ತೊಡಕು ವಾಸನೆ. ಇಂಗಿನ ಕ್ಯಾಪ್ಸೂಲು ಯಾವುದು, ಹುಸಿಗುಳಿಗೆ ಯಾವುದು ಎಂದು ಒಂದು ತೇಗಿನಲ್ಲಿ ತಿಳಿದುಹೋಗುತ್ತದೆ. ಹುಸಿಗುಳಿಗೆಗೂ ಅತ್ಯಲ್ಪ ಇಂಗು ಸೇರಿಸಿ ವಾಸನೆ ಹೊಂದಿಸಬೇಕು, ಸುತ್ತಿನ ಬಗೆ ಒಂದೇ ಇರುವವರನ್ನು ಆರಿಸಬೇಕು, ಸುತ್ತಿನಿಂದಾಗುವ ತೊಂದರೆ ಅಳೆಯುವ 25 ಪ್ರಶ್ನೆಯ ಡಿಎಚ್‌ಐ ಪಟ್ಟಿಯಲ್ಲಿ ಅಂಕ ಕನಿಷ್ಠ 18 ಇಳಿದರೆ ಮಾತ್ರ ಗುಣ ಎಂದು ಮೊದಲೇ ಬರೆದಿಡಬೇಕು. ಇಷ್ಟು ಮಾಡಿದ ದಿನ ಮತ್ತೆ ಮಾತಾಡೋಣ.

ಒಂದು ಮಾತು ಎಲ್ಲ ಓದುಗರಿಗೆ: ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಕಡೆಯ ಕೈಕಾಲು ಸೋತರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ.

ಸಂದಿಗೊಂದಿ

@ಔಷಧಮಾಪಕ ಪ್ರೊಪ್ರನೊಲಾಲ್ ಜೊತೆ ಗುಗ್ಗುಳವನ್ನೂ ತಿಂಗಳುಗಟ್ಟಲೆ ತಿಂದವರು ಈಗ ಗುಗ್ಗುಳ ಥಟ್ಟನೆ ನಿಲ್ಲಿಸಬಹುದೇ?

ಔಷಧಮಾಪಕ

ನಿಲ್ಲಿಸಬಹುದು, ಆದರೆ ಡಾಕ್ಟರಿಗೆ ತಿಳಿಸಿ. ಇಷ್ಟು ದಿನ ಪೂರ್ತಿ ಸೇರದಿದ್ದ ಮಾತ್ರೆ ಈಗ ಸೇರತೊಡಗುತ್ತದೆ. ನಡುವೆ ಡೋಸ್ ಏರಿಸಿದ್ದರಂತೂ ನಾಡಿ, ಬಿ.ಪಿ. ಎರಡೂ ಕುಸಿದು ಹೊಸ ತಲೆಸುತ್ತು ಶುರುವಾಗಬಹುದು. ಎರಡು ವಾರ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಮಾತ್ರೆಯಾದ ಎರಡು ಗಂಟೆಗೆ ನಾಡಿ ಎಣಿಸಿ, ನಿಂತ ಬಿ.ಪಿ. ನೋಡಿ ಬರೆದಿಡಿ. ನಾಡಿ 50ಕ್ಕಿಂತ ಕೆಳಗೆ ಹೋದರೆ, ಅಥವಾ ಮೇಲಿನ ಅಂಕಿ 100ರೊಳಗೆ ಇಳಿದು ಕಣ್ಣು ಕತ್ತಲೆ ಬಂದರೆ ಅದೇ ದಿನ ಫೋನ್ ಮಾಡಿ. ಪ್ರೊಪ್ರನೊಲಾಲನ್ನು ಮಾತ್ರ ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಎದೆಬಡಿತ ತಿರುಗಿಬೀಳುತ್ತದೆ.